ಗೋಡೆ ಬರೆಯುವ ಕೈಗಳು

ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಮದುವೆಯ ಹೊತ್ತಿಗೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚವನ್ನು ಅದ್ದಿ, ಹಸೆ ಚಿತ್ತಾರ ಬರೆಯುತ್ತಾರೆ. ಪೇಟೆಯಲ್ಲಿ ಅಂಗಡಿಯ ಹೆಸರನ್ನು ಬಣ್ಣದಲ್ಲಿ ಮೂಡಿಸುವವರು ಬೋರ್ಡ್ ಬರೆಯುವವರು. ಚುನಾವಣೆಯ ಘೋಷಣೆಯೋ ಸಿಮೆಂಟಿನ ಜಾಹೀರಾತೋ ಕಾಂಪೌಂಡಿನ ಮೇಲೆ ಕಂಡರೆ ಅದು ಗೋಡೆಬರಹ. ಬೀದಿ ಕಲೆ ಎಂಬ ಮಾತು ನಮ್ಮಲ್ಲಿ ಈಚಿನದಾದರೂ ಬೀದಿಯ ಗೋಡೆಯನ್ನು ಬರೆಯುವ ಕೆಲಸ ಹಳೆಯದು. ಬೆಂಗಳೂರಿನ ಗೋಡೆಚಿತ್ರಗಳ ಬಗ್ಗೆ ಯಾರಾದರೂ ಮಾತು ತೆಗೆದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ‘ಬರೆ’ ಎಂಬ ಕ್ರಿಯಾಪದ, ಅದರ ಹಿಂದೆಯೇ ನನ್ನ ಚಿಕ್ಕಪ್ಪ.

ಚಿಕ್ಕಪ್ಪ ಹಾಸನ ಜಿಲ್ಲೆಯ ಒಂದು ಸಣ್ಣ ಪೇಟೆಯಲ್ಲಿ ಸುಮಾರು ಮೂವತ್ತು ವರ್ಷ ಬೋರ್ಡ್ ಬರೆದರು. ದೊಡ್ಡ ಗೋಡೆಯ ಕೆಲಸ ಬಂದಾಗ, ಶಾಲೆಗೆ ರಜೆ ಇದ್ದರೆ, ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಮೊದಲು ಗೋಡೆಯನ್ನು ನಾರಿನ ಬ್ರಷ್ಷಿನಿಂದ ಉಜ್ಜಿ, ಪೊರೆ ಎದ್ದ ಸುಣ್ಣವನ್ನು ಕೆರೆದು, ಒಂದು ಕೈ ಬಿಳಿ ಬಳಿಯುವುದು. ಅದು ಒಣಗಿದ ಮೇಲೆ ನೀಲಿ ಪುಡಿ ಹಚ್ಚಿದ ದಾರದ ಒಂದು ತುದಿಯನ್ನು ನಾನು ಗೋಡೆಗೆ ಒತ್ತಿ ಹಿಡಿಯಬೇಕು. ಇನ್ನೊಂದು ತುದಿಯನ್ನು ಅವರು ಬಿಗಿಯಾಗಿ ಎಳೆದು, ನಡುವೆ ಬೆರಳಿನಿಂದ ಒಮ್ಮೆ ಮೀಟಿದರೆ, ಗೋಡೆಯ ಉದ್ದಕ್ಕೂ ಕೂದಲೆಳೆಯಷ್ಟು ನೇರವಾದ ಗೆರೆ ಬೀಳುತ್ತಿತ್ತು. ಅಂಥ ಮೂರು ಗೆರೆಗಳು ಬೇಕಾಗುತ್ತಿದ್ದವು: ತಲೆಕಟ್ಟಿಗೊಂದು, ಅಕ್ಷರದ ಬುಡಕ್ಕೊಂದು, ಒತ್ತಿಗೊಂದು. ಒತ್ತಕ್ಷರ ಕೂರಲು ಕೆಳಗೆ ಜಾಗ ಬಿಡದೆ ಬರೆಯಲು ಹೊರಟವನು ಕೊನೆಗೆ ‘ವಸ್ತ್ರ’ ಎಂಬ ಪದದ ಕಾಲನ್ನು ಚರಂಡಿಗೆ ಇಳಿಬಿಡಬೇಕಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಎಡಗೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲೊಂದನ್ನು ಗೋಡೆಗೆ ಆನಿಸಿ, ಅದರ ಮೇಲೆ ಬಲಗೈಯ ಮಣಿಕಟ್ಟನ್ನು ಊರಿ, ಎನಾಮೆಲ್ ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಎರಡು ಸಲ ಸವರಿ, ‘ಠ’ದ ಸುತ್ತನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದರು. ಆಮೇಲೆ ಅಕ್ಷರದ ಬಲಕ್ಕೂ ಕೆಳಕ್ಕೂ ನೆರಳು ಕೊಡುವುದು. ನೆರಳು ಬಿದ್ದ ಕೂಡಲೇ ಅಕ್ಷರ ಗೋಡೆಯಿಂದ ಒಂದು ಗೇಣು ಮುಂದೆ ಬಂದು ನಿಂತಂತೆ ಕಾಣುತ್ತಿತ್ತು.

ಈ ಕೆಲಸ ನಡೆಯುವಷ್ಟು ಹೊತ್ತೂ ಬೆನ್ನ ಹಿಂದೆ ಜನ ಇರುತ್ತಿದ್ದರು. ಸಂತೆಗೆ ಬಂದವರು ನಿಂತು ನೋಡುತ್ತಿದ್ದರು, ಕೆಲವರು ಕಾಗುಣಿತ ತಿದ್ದುತ್ತಿದ್ದರು, ಒಬ್ಬರು ಚಹಾ ತಂದುಕೊಡುತ್ತಿದ್ದರು, ಇನ್ನೊಬ್ಬರು ಕೆಂಪು ಸ್ವಲ್ಪ ಗಾಢವಾಯಿತು ಎನ್ನುತ್ತಿದ್ದರು. ಚಿಕ್ಕಪ್ಪ ಯಾರಿಗೂ ಎದುರಾಡುತ್ತಿರಲಿಲ್ಲ. ಬರೆಯುವವನು ರಸ್ತೆಯಲ್ಲಿ ನಿಂತು ಬರೆಯುತ್ತಾನೆ, ಆದ್ದರಿಂದ ರಸ್ತೆಯವರಿಗೂ ಅದರಲ್ಲಿ ಮಾತಿದೆ ಎಂಬುದು ಅವರಿಗೆ ಸಹಜವಾಗಿತ್ತು. ಬೀದಿ ಕಲೆಯ ಬಗ್ಗೆ ನನಗಿರುವ ಎಲ್ಲ ಅಭಿಪ್ರಾಯಗಳಿಗೂ ಮೂಲ ಆ ಸಂತೆ ದಿನಗಳೇ ಎಂದು ಈಗ ಅನಿಸುತ್ತದೆ.

ಫ್ಲೆಕ್ಸ್ ಬಂದ ಮೇಲೆ ಆ ಬದುಕು ಮುಗಿಯಿತು. ಎರಡು ದಿನದ ಕೆಲಸವನ್ನು ಯಂತ್ರವೊಂದು ಅರ್ಧ ಗಂಟೆಯಲ್ಲಿ, ಚದರಡಿ ಲೆಕ್ಕದಲ್ಲಿ ಮಾಡಿಕೊಡತೊಡಗಿತು. ಚಿಕ್ಕಪ್ಪ ಕೆಲವು ಕಾಲ ವಾಹನಗಳ ನಂಬರ್ ಪ್ಲೇಟ್ ಬರೆದರು, ಆಮೇಲೆ ಕಿಟಕಿ ಗ್ರಿಲ್ಲುಗಳಿಗೆ ಬಣ್ಣ ಹಚ್ಚಿದರು. ಬೆಂಗಳೂರಿನಲ್ಲಿ ಇದೇ ಕಥೆ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಎರಡು ಮೂರು ಮಹಡಿಯ ಎತ್ತರಕ್ಕೆ ನಿಲ್ಲುತ್ತಿದ್ದ ನಾಯಕ ನಟರ ಕಟೌಟುಗಳನ್ನು, ಗಾಂಧಿನಗರದ ಸಿನಿಮಾ ಬ್ಯಾನರುಗಳನ್ನು ಕೈಯಿಂದ ಬರೆಯುತ್ತಿದ್ದವರು ಒಂದು ದಶಕದೊಳಗೆ ಕೆಲಸ ಕಳೆದುಕೊಂಡರು. ಸಣ್ಣ ಫೋಟೋದ ಮೇಲೆ ಚೌಕಗಳನ್ನು ಎಳೆದು, ಅದೇ ಚೌಕಗಳನ್ನು ನಲವತ್ತು ಅಡಿಯ ಹಲಗೆಗೆ ಹಿಗ್ಗಿಸಿ, ಒಂದೊಂದು ಚೌಕವನ್ನೂ ಹತ್ತಿರದಿಂದ ಬರೆಯುತ್ತಲೇ ಇಡೀ ಮುಖ ದೂರದಿಂದ ಹೇಗೆ ಕಾಣುತ್ತದೆಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಲ್ಲ ಆ ವಿದ್ಯೆ ಯಾವ ಕಲಾಶಾಲೆಯ ಪಠ್ಯದಲ್ಲೂ ಇರಲಿಲ್ಲ. ಗುರುವಿನ ಬಳಿ ಬ್ರಷ್ ತೊಳೆಯುತ್ತಾ ಕಲಿಯಬೇಕಾಗಿತ್ತು.

ಬೆಂಗಳೂರಿನ ಬೀದಿ ಕಲೆಯ ಈಚಿನ ಚರಿತ್ರೆ ಇವರಿಂದಲೇ ಶುರುವಾಗುತ್ತದೆ ಎಂಬುದನ್ನು ನಾವು ಬಹಳ ಬೇಗ ಮರೆತಿದ್ದೇವೆ. 2009ರ ಸುಮಾರಿಗೆ ಮಹಾನಗರ ಪಾಲಿಕೆಯು ನಗರದ ಸಾರ್ವಜನಿಕ ಗೋಡೆಗಳಿಗೆ ಚಿತ್ರ ಬರೆಸಲು ಹೊರಟಾಗ ಆ ಕೆಲಸಕ್ಕೆ ಬಂದವರು ಫ್ಲೆಕ್ಸಿನಿಂದ ಕೆಲಸ ಕಳೆದುಕೊಂಡಿದ್ದ ಬೋರ್ಡ್ ಹಾಗೂ ಬ್ಯಾನರ್ ಕಲಾವಿದರೇ. ಹಂಪಿಯ ಕಲ್ಲಿನ ರಥ, ಜೋಗ, ಮೈಸೂರು ಅರಮನೆ, ಯಕ್ಷಗಾನದ ವೇಷ, ಕಾಡಿನ ಹುಲಿ, ನೀರಿಗೆ ಇಳಿದ ಆನೆ ಹೀಗೆ ಕಿಲೋಮೀಟರುಗಟ್ಟಲೆ ಚಿತ್ರಗಳು ಬಂದವು. ಪೋಸ್ಟರ್ ಅಂಟಿಸುವುದೂ ಗೋಡೆಗೆ ಮೂತ್ರ ಮಾಡುವುದೂ ನಿಲ್ಲಲಿ ಎಂಬುದು ಪಾಲಿಕೆಯ ಉದ್ದೇಶವಾಗಿತ್ತು. ಕಲಾವಲಯದ ಹಲವರಿಗೆ ಆ ಚಿತ್ರಗಳು ಹಿಡಿಸಲಿಲ್ಲ. ಕ್ಯಾಲೆಂಡರಿನಂತಿವೆ, ಎಲ್ಲ ಗೋಡೆಯಲ್ಲೂ ಅದೇ ಜಲಪಾತ ಅದೇ ಹುಲಿ, ನಗರದ ಬದುಕಿನ ಸುಳಿವೇ ಇಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಆಕ್ಷೇಪದಲ್ಲಿ ನಿಜವಿತ್ತು. ಆದರೆ ಫುಟ್‌ಪಾತಿನಲ್ಲಿ ನಿಂತು ನಾನು ನೋಡಿದ್ದು ಇನ್ನೊಂದನ್ನು. ಐವತ್ತು ದಾಟಿದ ಕಲಾವಿದರೊಬ್ಬರು ಆನೆಯ ಕಣ್ಣಿನ ಸುತ್ತಲಿನ ಸುಕ್ಕುಗಳನ್ನು ಒಂದೊಂದಾಗಿ ಎಳೆಯುತ್ತಿದ್ದರು. ವಾಹನಗಳ ಹೊಗೆಯ ನಡುವೆ, ಪ್ರತಿ ಎರಡು ಗೆರೆಗೊಮ್ಮೆ ರಸ್ತೆಯ ವಿಭಜಕದವರೆಗೆ ಹಿಂದೆ ಸರಿದು ನೋಡಿ ಮತ್ತೆ ಗೋಡೆಯ ಹತ್ತಿರ ಬರುತ್ತಿದ್ದರು. ಬಸ್ಸಿನ ಕಿಟಕಿಯಿಂದ ಮೂರು ಸೆಕೆಂಡು ಕಾಣುವ ಆನೆಗೆ ಅಷ್ಟು ಸುಕ್ಕು ಬೇಕೇ ಎಂದು ನಾನು ಕೇಳಲಿಲ್ಲ, ಏಕೆಂದರೆ ಚಿಕ್ಕಪ್ಪನ ಕೈಯನ್ನು ಕಂಡಿದ್ದ ನನಗೆ ಉತ್ತರ ಗೊತ್ತಿತ್ತು. ಆ ಗೋಡೆಗಳಲ್ಲಿ ನಾನು ಹುಡುಕಿದ ಬಹಳಷ್ಟು ಚಿತ್ರಗಳ ಮೂಲೆಯಲ್ಲಿ ಬರೆದವರ ಹೆಸರಿರಲಿಲ್ಲ. ಪೇಟೆಯ ಅತಿ ಸಣ್ಣ ಬೋರ್ಡಿನ ಕೆಳಗೂ ಬರೆದವರು ತಮ್ಮ ಹೆಸರಿನ ಮುಂದೆ ‘ಆರ್ಟ್ಸ್’ ಎಂದು ಸೇರಿಸಿ ಸಹಿ ಹಾಕುವ ರೂಢಿಯಿದ್ದ ನಾಡಿನಲ್ಲಿ ಇದು ನನಗೆ ಇವತ್ತಿಗೂ ನೋವು ಕೊಡುವ ಸಂಗತಿ.

ಕಾನೂನಿನ ಪ್ರಕಾರ ಗೋಡೆಯ ಕಥೆ ಬೇರೆ. ತೆರೆದ ಸ್ಥಳಗಳು ವಿರೂಪಗೊಳ್ಳುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಷ್ಟು ಹಿಂದೆಯೇ ಕಾಯ್ದೆಯೊಂದು ಬಂದಿದೆ. ಇದೇ ಕಾಯ್ದೆ ಪುಸ್ತಕದಲ್ಲಿ ಇರುವಾಗಲೇ ಬೆಂಗಳೂರಿನ ಪ್ರತಿ ವೃತ್ತದಲ್ಲೂ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸುಗಳು ತುಂಬಿಕೊಂಡವು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಕಠಿಣವಾಗಿ ಮಾತನಾಡಿದ ಮೇಲೆ ಪಾಲಿಕೆ ಅವುಗಳನ್ನು ಸಾವಿರಗಟ್ಟಲೆ ಕಿತ್ತುಹಾಕಿತು. ಅವು ಹೋದ ಕೆಲವು ವಾರ ನಗರದ ಕಂಬಗಳೂ ಮರಗಳೂ ಎಷ್ಟು ಚೆನ್ನಾಗಿ ಕಂಡವೆಂಬುದು ಆಗ ಇಲ್ಲಿದ್ದವರಿಗೆಲ್ಲ ನೆನಪಿರಬಹುದು. ಕೈಬರಹದ ಬೋರ್ಡುಗಳು ಮರಳಿ ಬಂದಾವು ಎಂದು ಕೆಲವರು ಆಸೆಪಟ್ಟರು, ನಾನೂ ಪಟ್ಟೆ. ಆದರೆ ಆ ವೇಳೆಗೆ ಬರೆಯುವ ಕೈಗಳು ಬೇರೆ ಕಸುಬುಗಳಿಗೆ ಹೋಗಿದ್ದವು.

ಗೋಡೆಯಿಂದ ಕಲೆ ನೆಲಕ್ಕಿಳಿದ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದಿದ ಬಾದಲ್ ನಂಜುಂಡಸ್ವಾಮಿ ಅವರು 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯ ದೊಡ್ಡ ಗುಂಡಿಯೊಂದನ್ನು ಹಸಿರು ಬಣ್ಣ ಬಳಿದು ಕೊಳವಾಗಿಸಿ, ಅದರಲ್ಲಿ ಫೈಬರಿನಿಂದ ಮಾಡಿದ, ನಿಜವಾದ ಗಾತ್ರದ ಮೊಸಳೆಯೊಂದನ್ನು ತಂದು ಇಟ್ಟರು. ಜನ ದ್ವಿಚಕ್ರ ವಾಹನ ನಿಲ್ಲಿಸಿ ನೋಡಿದರು, ಪತ್ರಿಕೆಗಳಲ್ಲಿ ಚಿತ್ರ ಬಂತು, ಗುಂಡಿಯನ್ನು ತಡವಿಲ್ಲದೆ ಮುಚ್ಚಲಾಯಿತು. ಬಾಯಿ ತೆರೆದ ಮ್ಯಾನ್‌ಹೋಲಿನ ಸುತ್ತ ಯಮನ ಮುಖವನ್ನೂ ಅವರು ಬರೆದಿದ್ದಾರೆ; ಮುಚ್ಚಳವಿಲ್ಲದ ಆ ಗುಂಡಿಯೇ ಯಮನ ತೆರೆದ ಬಾಯಿ. 2019ರ ಸೆಪ್ಟೆಂಬರಿನ ಆರಂಭದಲ್ಲಿ, ಚಂದ್ರಯಾನ-2ರ ನೌಕೆ ಚಂದ್ರನ ಮೇಲೆ ಇಳಿಯಬೇಕಿದ್ದ ಕೆಲವೇ ದಿನಗಳ ಮೊದಲು, ಹೇರೋಹಳ್ಳಿಯ ರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ಉಡುಪು ತೊಡಿಸಿ, ರಾತ್ರಿಯ ಬೆಳಕಿನಲ್ಲಿ ನಿಧಾನವಾಗಿ ನಡೆಸಿ ಚಿತ್ರೀಕರಿಸಿದರು. ಚಂದ್ರನ ನೆಲವೆಂದು ಭ್ರಮೆ ಹುಟ್ಟಿಸುವ ಆ ದೃಶ್ಯದ ಪಕ್ಕದಲ್ಲೇ ಆಟೋ ಒಂದು ಹಾದುಹೋದಾಗ ನೋಡುವವರಿಗೆ ಅದು ನಮ್ಮದೇ ರಸ್ತೆಯೆಂದು ತಿಳಿಯುತ್ತದೆ. ಆ ರಸ್ತೆಯೂ ದುರಸ್ತಿಯಾಯಿತು.

ಈ ಕೆಲಸಗಳ ಬಗ್ಗೆ ನನಗಿರುವ ಗೌರವಕ್ಕೆ ಅವು ಜನಪ್ರಿಯವಾದದ್ದು ಕಾರಣವಲ್ಲ. ನಮ್ಮಲ್ಲಿ ಮನವಿಪತ್ರ ಬರೆಯುವ ಪದ್ಧತಿಯಿದೆ, ಧರಣಿ ಕೂರುವ ಪದ್ಧತಿಯಿದೆ. ಇವೆರಡಕ್ಕೂ ಜಗ್ಗದ ಗುಂಡಿಯೊಂದು ಚಿತ್ರಕ್ಕೆ ಜಗ್ಗಿತೆಂದರೆ, ದಿನವೂ ಅದೇ ದಾರಿಯಲ್ಲಿ ಓಡಾಡಿ ಅದನ್ನು ನೋಡುವುದನ್ನೇ ಬಿಟ್ಟಿದ್ದ ನಮ್ಮ ಕಣ್ಣುಗಳನ್ನು ಕಲಾವಿದ ಮತ್ತೆ ಆ ಜಾಗಕ್ಕೆ ತಿರುಗಿಸಿದ ಎಂದರ್ಥ. ಗುಂಡಿ ಮುಚ್ಚಿದಾಗ ಕೃತಿಯೂ ಮುಗಿಯುತ್ತದೆ. ತನ್ನ ಕೃತಿ ಅಳಿಯಲಿ ಎಂದೇ ಬಯಸಿ ಅದನ್ನು ಮಾಡುವುದು ಕಲಾವಿದನಿಗೆ ಸಣ್ಣ ತ್ಯಾಗವಲ್ಲ.

ಗೋಡೆಯ ಮುಂದೆ ನಿಲ್ಲುವುದೇ ಕೃತಿಯಾಗುವ ಇನ್ನೊಂದು ಬಗೆ ಅರವಾನಿ ಆರ್ಟ್ ಪ್ರಾಜೆಕ್ಟ್‌ನದು. ಪೂರ್ಣಿಮಾ ಸುಕುಮಾರ್ ಅವರು 2016ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಈ ಗುಂಪಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಹೆಂಗಸರೂ ಇತರ ಹೆಂಗಸರೂ ಕೂಡಿ ಗೋಡೆಗಳನ್ನು ಬರೆಯುತ್ತಾರೆ. ದೊಡ್ಡ ದೊಡ್ಡ ಮುಖಗಳು, ದಟ್ಟ ಬಣ್ಣಗಳು, ಎಲೆ ಹೂವುಗಳ ಚೌಕಟ್ಟು ಇವರ ಚಿತ್ರಗಳ ಗುರುತು. ಇಟಲಿಯಲ್ಲಿ ನಡೆಯುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲೂ 2024ರಲ್ಲಿ ಈ ಗುಂಪಿನ ಭಿತ್ತಿಚಿತ್ರ ಇತ್ತು. ಆದರೆ ನನ್ನ ಮಟ್ಟಿಗೆ ಇವರ ಕೆಲಸದ ಬೆಲೆ ತಿಳಿಯುವುದು ನಮ್ಮ ಮಾರುಕಟ್ಟೆಯ ಪಕ್ಕದ ಗೋಡೆಯಲ್ಲಿ. ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸಿಕೊಂಡು ಯಾರ ಮುಖ ನೋಡದೆ ಮುಂದೆ ಹೋಗುತ್ತಿದ್ದೆವೋ, ಅವರು ಅದೇ ರಸ್ತೆಯಲ್ಲಿ ಹಗಲಿನಲ್ಲಿ ಅಟ್ಟಣೆ ಏರಿ ನಿಂತು ಬ್ರಷ್ ಹಿಡಿದಿದ್ದಾರೆ. ಕೆಳಗೆ ಹೂ ಕಟ್ಟುವವರು, ಹಮಾಲರು, ಶಾಲೆಯ ಮಕ್ಕಳು ಕತ್ತೆತ್ತಿ ನೋಡುತ್ತಾರೆ, ಏನು ಬರೆಯುತ್ತಿದ್ದೀರಿ ಅಕ್ಕ ಎಂದು ಕೇಳುತ್ತಾರೆ. ‘ಅಕ್ಕ’ ಎಂಬ ಆ ಕರೆ ಆ ಗೋಡೆಯ ಬಳಿ ಹುಟ್ಟಿದ್ದು. ಚಿತ್ರ ಮುಗಿಯುವ ಮೊದಲೇ ಅದರ ಕೆಲಸ ಅರ್ಧ ಆಗಿರುತ್ತದೆ.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಪೀಣ್ಯ ಮತ್ತು ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣಗಳಲ್ಲಿ ಮಾಡಿರುವ ಚಿತ್ರಗಳು ದಿನವೂ ರೈಲು ಹಿಡಿಯುವವರಿಗೆ ಪರಿಚಿತ. ಹೆಸರು ಹೇಳಿಕೊಳ್ಳದೆ ಕೆಲಸ ಮಾಡುವ ‘ದಿ ಅಗ್ಲಿ ಇಂಡಿಯನ್’ ಬಳಗ ಮೇಲ್ಸೇತುವೆಗಳ ಕಂಬಗಳಿಗೆ ತ್ರಿಕೋನಗಳ ವಿನ್ಯಾಸ ಬರೆದಿದೆ. ಕಸದ ಮೂಲೆಗಳನ್ನು ಗುಡಿಸಿ, ಗೋಡೆಯ ಕೆಳಭಾಗಕ್ಕೆ ಕಾವಿಗೆಂಪು ಬಳಿದು, ಹೂಕುಂಡ ಇಟ್ಟು ಹೋಗುವ ಇವರ ಪದ್ಧತಿಯಲ್ಲಿ ಚಿತ್ರಕ್ಕಿಂತ ಗುಡಿಸುವಿಕೆಗೆ ಹೆಚ್ಚು ಬೆಲೆ, ಅದು ಸರಿಯೂ ಹೌದು. ದೇವರ ಚಿತ್ರದ ಟೈಲ್ಸ್‌ಗಳನ್ನು ಗೋಡೆಯ ಮೂಲೆಯಲ್ಲಿ ಸಾಲಾಗಿ ಕೂರಿಸುವ ಮನೆಮಾಲೀಕರ ಉಪಾಯದ ಬಗ್ಗೆ ಮಾತ್ರ ನನಗೆ ಬೇಸರವಿದೆ. ಮೂತ್ರ ಮಾಡದಿರಲು ದೇವರ ಭಯ ಬೇಕಾದ ಜಾಗದಲ್ಲಿ ನಿಜವಾಗಿ ಬೇಕಾಗಿರುವುದು ಶೌಚಾಲಯ.

ಯಾರೂ ಹೇಳಿ ಮಾಡಿಸದ ಗೋಡೆಗಳ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಗರದ ಸಂದಿಗೊಂದಿಗಳಲ್ಲಿ, ಆಟೋ ನಿಲ್ದಾಣಗಳ ಹಿಂದಿನ ಗೋಡೆಗಳಲ್ಲಿ, ಹಳ್ಳಿಗಳ ಬಸ್ ತಂಗುದಾಣಗಳಲ್ಲಿ ಅಪ್ಪುವಿನ ಮುಖ ಮೂಡಿತು. ಅದಕ್ಕೂ ಮೊದಲು, 1980ರ ‘ಆಟೋ ರಾಜ’ ಚಿತ್ರದ ದಿನಗಳಿಂದಲೂ, ಶಂಕರ್‌ನಾಗ್ ಅವರ ಮುಖ ಆಟೋಗಳ ಬೆನ್ನ ಮೇಲೆ ನಗರ ಸುತ್ತುತ್ತಿದೆ. ಅಪ್ಪುವಿನ ಈ ಚಿತ್ರಗಳಲ್ಲಿ ಕೆಲವು ಅಷ್ಟೇನೂ ಹೋಲುವುದಿಲ್ಲ. ನಗು ಮಾತ್ರ ಎಲ್ಲದರಲ್ಲೂ ಸರಿಯಾಗಿ ಬಂದಿರುತ್ತದೆ. ನಮ್ಮ ಮನೆಯ ಹತ್ತಿರದ ಆಟೋ ನಿಲ್ದಾಣದ ಚಿತ್ರಕ್ಕೆ ಚಾಲಕರೊಬ್ಬರು ಬೆಳಿಗ್ಗೆ ಮೊದಲ ಬಾಡಿಗೆಗೆ ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಧೂಳು ಒರೆಸುತ್ತಾರೆ. ಆ ಗೋಡೆಗೆ ಯಾರೂ ಎಲೆಯಡಿಕೆ ಉಗಿಯುವುದಿಲ್ಲ, ಯಾರೂ ಪೋಸ್ಟರ್ ಅಂಟಿಸುವುದಿಲ್ಲ. ಪಾಲಿಕೆ ಕಿಲೋಮೀಟರುಗಟ್ಟಲೆ ಚಿತ್ರ ಬರೆಸಿ ಸಾಧಿಸಲು ಹೊರಟದ್ದು ಇಲ್ಲಿ ಎಂಟಡಿ ಅಗಲದ ಗೋಡೆಯಲ್ಲಿ ತಾನಾಗಿ ಆಗಿದೆ, ಏಕೆಂದರೆ ಆ ಮುಖವನ್ನು ಅಲ್ಲಿ ನಿಲ್ಲುವವರೇ ಆರಿಸಿಕೊಂಡರು, ಬಣ್ಣಕ್ಕೆ ಅವರೇ ಚಂದಾ ಎತ್ತಿದರು.

ಇದಕ್ಕೆ ತದ್ವಿರುದ್ಧವಾದುದನ್ನೂ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಉದ್ದನೆಯ ಕಾಂಪೌಂಡೊಂದಕ್ಕೆ ಒಂದು ಸಂಸ್ಥೆಯ ನೌಕರರು ಶನಿವಾರದ ದಿನ ಬಂದು ಚಿಟ್ಟೆ, ಬಳ್ಳಿ, ಕಾಮನಬಿಲ್ಲು ಬರೆದರು. ಮೂಲೆಯಲ್ಲಿ ಸಂಸ್ಥೆಯ ಲಾಂಛನವೂ ಬಂತು. ಅವರ ಉತ್ಸಾಹ ಪ್ರಾಮಾಣಿಕವಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಗೋಡೆಯಲ್ಲಿ ನಾಲ್ಕು ಮೊಳೆಗಳಿದ್ದವು. ಸೊಪ್ಪು ಮಾರುವ ಲಕ್ಷಣವಂತ ಅಜ್ಜಿಯೊಬ್ಬರು ಬೆಳಗಿನ ಆರರಿಂದ ಹತ್ತರವರೆಗೆ ಆ ಮೊಳೆಗಳಿಗೆ ನೀಲಿ ಟಾರ್ಪಾಲಿನ ಎರಡು ತುದಿಗಳನ್ನು ಕಟ್ಟಿ, ಉಳಿದೆರಡನ್ನು ಕೋಲಿಗೆ ಬಿಗಿದು, ನೆರಳು ಮಾಡಿಕೊಳ್ಳುತ್ತಿದ್ದರು. ಬಣ್ಣ ಬಳಿಯುವ ಮುನ್ನ ಮೊಳೆಗಳನ್ನು ಕಿತ್ತು, ತೂತುಗಳಿಗೆ ಸಿಮೆಂಟು ತುಂಬಿದರು. ಚಿತ್ರ ಮರೆಯಾಗುತ್ತದೆಂದು ಅಜ್ಜಿಗೆ ಬೇರೆ ಕಡೆ ಕೂರಲು ಹೇಳಲಾಯಿತು. ಅವರನ್ನು ಯಾರೂ ಗದರಲಿಲ್ಲ, ಮರ್ಯಾದೆಯಿಂದಲೇ ಹೇಳಿದರು. ಆ ಗೋಡೆಯನ್ನು ಪ್ರತಿದಿನ ನಾಲ್ಕು ಗಂಟೆ ಬಳಸುತ್ತಿದ್ದ ಒಬ್ಬರೇ ಒಬ್ಬರನ್ನು ಅದರ ಮೇಲೆ ಏನು ಬರೆಯಬೇಕೆಂದು ಮಾತ್ರ ಯಾರೂ ಕೇಳಲಿಲ್ಲ.

ಗೋಡೆ ಖಾಲಿಯಿದೆ ಎಂದು ನಾವು ಅಂದುಕೊಳ್ಳುವುದರಲ್ಲೇ ತಪ್ಪು ಶುರುವಾಗುತ್ತದೆ. ಮಲ್ಲೇಶ್ವರವನ್ನೇ ನೋಡಿ. 1898ರ ಪ್ಲೇಗಿನ ಸುಮಾರಿಗೆ ಆ ಬಡಾವಣೆಯನ್ನು ಕಟ್ಟಿದಾಗ ಮನೆಗಳ ಹಿಂಬದಿಯಲ್ಲಿ ಕಿರಿದಾದ ಕನ್ಸರ್ವೆನ್ಸಿ ಓಣಿಗಳನ್ನು ಬಿಟ್ಟರು. ಮಲ ಹೊರುವವರು ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಬಂದು ಹೋಗಬೇಕೆಂಬುದು ಅದರ ಅರ್ಥ. ಆ ಓಣಿಗಳಲ್ಲಿ ಕೆಲವು ಈಗ ಚಿತ್ರಗಳಿಂದ ತುಂಬಿವೆ, ನಿವಾಸಿಗಳೂ ಕಲಾವಿದರೂ ಕೂಡಿ ಕಸ ತೆಗೆದು ಅವುಗಳನ್ನು ನಡೆಯುವ ದಾರಿಗಳಾಗಿಸಿದ್ದಾರೆ, ಸಂಜೆ ಅಲ್ಲಿ ಮಕ್ಕಳು ಆಡುತ್ತಾರೆ. ನನಗೆ ಅಲ್ಲಿ ನಡೆಯುವುದು ಇಷ್ಟ. ಆದರೂ ಬಕೆಟ್ ಹೊತ್ತು ಆ ಓಣಿಯಲ್ಲಿ ಬೆಳಗಿನ ಜಾವ ಓಡಾಡಿದವರ ಒಂದೇ ಒಂದು ಚಿತ್ರ ಅಲ್ಲಿರಬೇಕಿತ್ತು ಎಂದು ಪ್ರತಿ ಸಲವೂ ಅನಿಸುತ್ತದೆ. ಅದನ್ನು ಬರೆಯಲು ಯಾರಾದರೂ ಮುಂದೆ ಬಂದರೆ ಬಣ್ಣದ ಖರ್ಚಿಗೆ ನಾನು ಸಂತೋಷದಿಂದ ಕೈಜೋಡಿಸುತ್ತೇನೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನನ್ನು ಕರೆದುಕೊಂಡು ಹಳೆಯ ಎಣ್ಣೆ ಮಿಲ್ಲಿನ ಕಡೆಗೆ ನಡೆದೆ. ಅವರ ಬಲಗೈ ಈಗ ನಡುಗುತ್ತದೆ. ಮಿಲ್ಲಿನ ಗೋಡೆಯ ಸುಣ್ಣ ಆ ವರ್ಷದ ಮಳೆಗೆ ಹಪ್ಪಳದಂತೆ ಎದ್ದಿತ್ತು. ಮೇಲೊಂದು ಮೊಬೈಲ್ ಕಂಪನಿಯ ಬಣ್ಣ, ಅದರ ಕೆಳಗೆ ಯಾವುದೋ ಚುನಾವಣೆಯ ಚಿಹ್ನೆಯ ಅರ್ಧ, ಅದರ ಕೆಳಗೆ ಅಕ್ಷರಸ್ಥರಾಗಿ ಎಂದು ಕರೆ ಕೊಟ್ಟ ಸಾಲಿನ ತುಣುಕು, ಎಲ್ಲದರ ತಳದಲ್ಲಿ ಚಿಕ್ಕಪ್ಪ ಬರೆದಿದ್ದ ಬಟ್ಟೆ ಅಂಗಡಿಯ ಹೆಸರಿನ ನಾಲ್ಕು ಅಕ್ಷರ. ನೀಲಿಯ ಮೇಲೆ ಹಳದಿ, ಬಲಕ್ಕೆ ಕಪ್ಪು ನೆರಳು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಗೋಡೆಯ ಹತ್ತಿರ ಹೋಗಿ, ‘ವಸ್ತ್ರ’ದ ಒತ್ತಿನ ಮೇಲೆ ಬೆರಳಿಟ್ಟರು.

“ಇದು ಸ್ವಲ್ಪ ಬಲಕ್ಕೆ ಜರುಗಿಬಿಟ್ಟಿದೆ ನೋಡು ಮಗಾ. ಅವತ್ತು ಮಳೆ ಬರೋ ಹಾಗಿತ್ತು, ಬೇಗ ಬೇಗ ಮುಗಿಸಿದ್ದೆ.”